ಗೇಟು ತೆರೆದ ದೀಪ

ನನ್ನ ಸೋದರತ್ತೆಯ ಅಂಗಡಿಯ ಚಪ್ಪರಕ್ಕೆ ಮೊದಲ ಸಲ ಲಾರಿ ಒರಸಿಕೊಂಡು ಹೋದಾಗ ಅವಳು ನನಗೆ ಹೇಳಲೇ ಇಲ್ಲ. ಎರಡನೆಯ ಸಲ ಹಾಗಾದಾಗ ಫೋನಿನಲ್ಲಿ ಬೇರೆ ಏನನ್ನೋ ಮಾತಾಡುತ್ತ, ಈ ಸಲ ಹಸಿಮೆಣಸಿನಕಾಯಿಗೆ ಖಾರವೇ ಇಲ್ಲ ಎಂದು ಹೇಳುವ ದನಿಯಲ್ಲೇ, "ಮೊನ್ನೆ ಮುಂದಿನ ಕಂಬ ಮುರೀತವ್ವಾ, ಹೊಸಾದು ಹಾಕ್ಸೀನಿ" ಎಂದಳು.

"ಹೆಂಗ ಮುರೀತು?"

"ಲಾರಿ ತಗುಲ್ತು. ನಾ ಆ ಕಡಿ ಇರಲಿಲ್ಲ ಬಿಡು."

ಆ ರವಿವಾರವೇ ನಾನು ಬಳ್ಳಾರಿಯಿಂದ ಕುರುಗೋಡಿನ ಬಸ್ಸು ಹತ್ತಿದೆ.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಈ ಅತ್ತೆ, ಅಪ್ಪನ ಅಕ್ಕ. ಮಾವ ಹೋದ ನಂತರ ಮನೆಯ ಮುಂದೆ ಚಪ್ಪರ ಹಾಕಿಕೊಂಡು ಸಂಜೆ ಮಂಡಕ್ಕಿಯ ವಗ್ಗಾಣಿ, ಮಿರ್ಚಿ ಬಜ್ಜಿ ಮಾಡಿ ಮಾರುತ್ತಿದ್ದಳು. ಮನೆ ಇದ್ದದ್ದು ಊರು ಮುಗಿದು ಬಳ್ಳಾರಿಯ ರಸ್ತೆ ಬಂಡೆಗುಡ್ಡದ ಬುಡದಲ್ಲಿ ಹೊರಳುವ ಜಾಗದಲ್ಲಿ. ನಾನು ಶಾಲೆಗೆ ಹೋಗುವಾಗ ಆ ರಸ್ತೆಯ ಅರ್ಧಕ್ಕೆ ಜನ ಮೆಣಸಿನಕಾಯಿ ಹರವಿ ಒಣಗಿಸುತ್ತಿದ್ದರು. ಬರುವ ಬಸ್ಸು ಉಳಿದ ಅರ್ಧದಲ್ಲಿ ಮೆಲ್ಲಗೆ ಸರಿದು ಹೋಗುತ್ತಿತ್ತು. ಈಗ ಅದೇ ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂಗು ಹಚ್ಚಿಕೊಂಡು ಬರುತ್ತಿದ್ದವು. ಚೀನಾದಲ್ಲಿ ಏನೋ ಕಟ್ಟುತ್ತಿದ್ದಾರಂತೆ, ಎಷ್ಟು ಮಣ್ಣು ಕೊಟ್ಟರೂ ಅವರಿಗೆ ಸಾಲದಂತೆ ಎಂದು ಜನ ಮಾತಾಡುತ್ತಿದ್ದ ಕಾಲ. ಬಳ್ಳಾರಿಯ ಪಾರ್ವತಿನಗರದ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಕುರುಗೋಡಿನ ತಿರುವಿನಲ್ಲಂತೂ ಬೇವಿನ ಎಲೆಯೂ ಕೆಂಪು, ನಾಯಿಯ ಬೆನ್ನೂ ಕೆಂಪು. ಆ ನಾಯಿಗಳೂ ಹೆಚ್ಚು ದಿನ ಉಳಿಯುತ್ತಿರಲಿಲ್ಲ.

ಹೊತ್ತು ಮುಳುಗುವ ವೇಳೆಗೆ ಕರೆಂಟು ಹೋಗುತ್ತಿತ್ತು. ಧೂಳು, ಮಬ್ಬು, ಎದುರು ಬರುವ ಲಾರಿಯ ದೊಡ್ಡ ಬೆಳಕು. ನಿದ್ದೆಗೆಟ್ಟ ಡ್ರೈವರಿಗೆ ತಿರುವಿನಲ್ಲಿ ಒಂದು ಚಪ್ಪರ ಇದೆ, ಅದರ ಕೆಳಗೆ ಒಬ್ಬಳು ಹೆಂಗಸು ಒಲೆಯ ಮುಂದೆ ಕೂತಿದ್ದಾಳೆ ಎಂಬುದೇ ಕಾಣುವಂತಿರಲಿಲ್ಲ. ಅವಳ ಕಂದೀಲಿನ ಬೆಳಕು ಅವಳ ಬಾಣಲಿಯ ಅಂಚು ದಾಟುತ್ತಿರಲಿಲ್ಲ.

"ಅಂಗಡಿ ಹಿಂದಕ್ಕ ಸರಿಸತ್ತಿ" ಎಂದೆ.

"ಎಲ್ಲಿಗೆ ಸರಿಸಲಿ? ಹಿಂದ ಮನಿ ಐತಿ, ಮನಿ ಹಿಂದ ಗುಡ್ಡ ಐತಿ."

ನಾನಾಗ ಬಳ್ಳಾರಿಯ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದೆ. ಹುಡುಗರಿಗೆ ಬೆಸುಗೆ ಹಾಕುವುದು, ಮೀಟರು ಹಿಡಿಯುವುದು ಕಲಿಸುವ ಕೆಲಸ. ಬಸ್ಸಿನಲ್ಲಿ ವಾಪಸು ಬರುವಾಗಲೇ ತಲೆಯಲ್ಲಿ ದೀಪ ತಯಾರಾಗುತ್ತಿತ್ತು. ಉದ್ದನೆಯ ಪಟ್ಟಿಯಂಥ ದೀಪ, ರಸ್ತೆಗೆ ಮುಖ ಮಾಡಿ ಬೇವಿನ ಮರದಲ್ಲಿ ಎತ್ತರಕ್ಕೆ ಕಟ್ಟಿದ್ದು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ, ಹಾಗಾಗಿ ಸೋಲಾರ್. ಅಷ್ಟೆತ್ತರದಿಂದ ಒಲೆಯ ತನಕ ಸ್ವಿಚ್ಚಿನ ವೈರು ಎಳೆದರೆ ಯಾವುದಾದರೂ ಲಾರಿಯ ತಲೆಗೆ ಸಿಕ್ಕು ಹರಿದುಹೋಗುತ್ತದೆ. ಆದ್ದರಿಂದ ರಿಮೋಟು.

ಗಾಜಿನ ಬಾಗಿಲು ಮಾಡುವ ಅಂಗಡಿಯಲ್ಲಿ ಉಳಿದಿದ್ದ ಅಲ್ಯೂಮಿನಿಯಂ ಚೌಕಟ್ಟಿನ ತುಂಡನ್ನು ತಂದು, ಅದರ ಉದ್ದಕ್ಕೂ ಬಿಳಿ ಎಲ್‌ಇಡಿಗಳನ್ನು ಕೂರಿಸಿದೆ. ಊಟದ ಮೇಜೇ ನನ್ನ ಕಾರ್ಖಾನೆ. ಗಂಡ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಬಂದವರೇ ತಟ್ಟೆ ಇಡಲು ಜಾಗ ಹುಡುಕುತ್ತಿದ್ದರು. "ಇವತ್ತೂ ನೆಲಾನ ಗತಿ" ಎಂದು ನಗುತ್ತ ಕೆಳಗೆ ಕೂರುತ್ತಿದ್ದರು. ಕಂಪ್ಯೂಟರಿನ ಹಳೆಯ ಯುಪಿಎಸ್‌ನಿಂದ ತೆಗೆದ ಬ್ಯಾಟರಿ, ಸಣ್ಣದೊಂದು ಸೋಲಾರ್ ಹಲಗೆ, ಬ್ಯಾಟರಿ ಅತಿಯಾಗಿ ಕುಡಿಯದಂತೆ ತಡೆಯುವ ಒಂದು ಬೋರ್ಡು, ಎಲ್ಲ ಸೇರಿದವು. ಬೆಂಗಳೂರಿಗೆ ಹೋಗಿದ್ದ ಸಹೋದ್ಯೋಗಿಯ ಕೈಯಲ್ಲಿ ರಿಮೋಟಿನ ಜೋಡಿ ತರಿಸಿದೆ: ಬೀಗದಕೈ ಗೊಂಚಲಿಗೆ ಸಿಕ್ಕಿಸುವಷ್ಟು ಚಿಕ್ಕ ಗುಂಡಿ, ಅದರ ಮಾತು ಕೇಳುವ ಬೆರಳುದ್ದದ ಬೋರ್ಡು. ಒಮ್ಮೆ ಒತ್ತಿದರೆ ಹತ್ತಬೇಕು, ಮತ್ತೊಮ್ಮೆ ಒತ್ತಿದರೆ ಆರಬೇಕು. ಇಂಥ ಜೋಡಿಗಳಲ್ಲಿ ನಂಬರು ಹೊಂದಿಸಲು ಸಣ್ಣ ಕಾಲುಗಳಿರುತ್ತವೆ. ಅವನ್ನು ಬೇರೆ ಬೇರೆ ರೀತಿ ಬೆಸೆದರೆ ಬೇರೆ ಬೇರೆ ನಂಬರು. ನಂಬರು ಒಂದೇ ಆಗಿದ್ದರೆ ಮಾತ್ರ ಬೋರ್ಡು ಗುಂಡಿಯ ಮಾತು ಕೇಳುತ್ತದೆ. ಅಂಗಡಿಯಿಂದ ಬರುವಾಗ ಎಲ್ಲ ಕಾಲುಗಳೂ ಖಾಲಿ. ಕುರುಗೋಡಿನ ತಿರುವಿನಲ್ಲಿ ಇನ್ನಾರ ಕೈಯಲ್ಲಿ ಇಂಥದ್ದು ಇದ್ದೀತು ಎಂದುಕೊಂಡು ನಾನೂ ಹಾಗೆಯೇ ಬಿಟ್ಟೆ.

ಮರಕ್ಕೆ ಕಟ್ಟಿದ ಸಂಜೆ ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರಸಿಕೊಂಡು ಗುಂಡಿ ಒತ್ತಿದಳು. ತಿರುವು ಪೂರ್ತಿ ಬೆಳ್ಳಗಾಯಿತು. ಗುಡ್ಡದ ಕಡೆಯಿಂದ ಬರುತ್ತಿದ್ದ ಲಾರಿ ಬ್ರೇಕು ಹಾಕಿ ನಿಧಾನವಾಯಿತು. ಡ್ರೈವರು ತಲೆ ಹೊರಗೆ ಹಾಕಿ ಮೇಲೆ ನೋಡಿದ.

"ಏನಮ್ಮಾ, ಸಿನಿಮಾ ತೆಗಿಯಾಕತ್ತೀರೇನು?"

"ಇಳದು ಬಾ, ನಿನ್ನೂ ಹಾಕ್ಕೊಳ್ತೀವಿ" ಎಂದಳು ಅತ್ತೆ.

ಆ ಮಳೆಗಾಲ ಚಪ್ಪರಕ್ಕೆ ಏನೂ ಆಗಲಿಲ್ಲ. ಬೆಳಕು ಕಂಡು ಡ್ರೈವರುಗಳು ನಿಲ್ಲಿಸತೊಡಗಿದರು. ಅತ್ತೆ ರಿಮೋಟನ್ನು ಎಣ್ಣೆ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊರಳ ದಾರಕ್ಕೆ ಕಟ್ಟಿಕೊಂಡಿದ್ದಳು. ಸೋಲಾರ್ ಹಲಗೆಯನ್ನು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರಸಬೇಕಿತ್ತು. ಒರಸದಿದ್ದರೆ ಕೆಂಪು ಧೂಳು ಕೂತು ಬ್ಯಾಟರಿ ಉಪವಾಸ ಬೀಳುತ್ತಿತ್ತು. ಹಿಂಡಿದ ನೀರು ರಕ್ತದ ಹಾಗೆ ಹರಿಯುತ್ತಿತ್ತು. ಅವಳಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ, ಮುಖ ಆ ಕಡೆ ತಿರುಗಿಸಿ ಹಿಂಡುತ್ತಿದ್ದಳು.

ಮಳೆ ನಿಂತ ಮೇಲೆ ತಿರುವಿನ ಆಚೆ, ಜಾಲಿಮುಳ್ಳಿನ ಕಂಟಿಗಳ ಹಿಂದೆ, ಹೊಸದೊಂದು ಅದಿರಿನ ಯಾರ್ಡು ಎದ್ದಿತು. ಲಾರಿಗಳು ಅಲ್ಲಿ ಮಣ್ಣು ಸುರಿದು ಹೋಗುತ್ತಿದ್ದವು, ಬೇರೆ ಲಾರಿಗಳು ಬಂದು ತುಂಬಿಕೊಳ್ಳುತ್ತಿದ್ದವು. ತಗಡಿನ ಎತ್ತರದ ಗೋಡೆ. ಅಂಗಡಿಯಿಂದ ಗೇಟು ಕಾಣುತ್ತಿರಲಿಲ್ಲ, ಕಂಟಿಗಳ ಮೇಲೆ ಬೆಳೆಯುತ್ತಿದ್ದ ಮಣ್ಣಿನ ಗುಡ್ಡೆಗಳ ತಲೆ ಮಾತ್ರ ಕಾಣುತ್ತಿತ್ತು. ಅದೇ ತಿಂಗಳು ಅತ್ತೆಯ ಫೋನು ಬಂತು.

"ನಿನ್ನ ದೀಪ ತಾನಾ ಹತ್ತಾಕತ್ತೈತಿ."

"ನಿನ್ನ ಕೈ ತಗುಲಿರಬೇಕತ್ತಿ."

"ಗುಂಡಿ ಕೊಳ್ಳಾಗ ಐತಿ, ಕೈ ಹಿಟ್ಟಿನ್ಯಾಗ ಐತಿ. ಎಲ್ಲಿಂದ ತಗುಲ್ತೈತಿ? ಹತ್ತತೈತಿ, ಸ್ವಲ್ಪ ಹೊತ್ತಿಗೆ ತಾನಾ ಆರತೈತಿ. ಯಾರೋ ಒತ್ತಾಕತ್ತಾರ."

ಓಣಿಯವರು ಬೇವಿನ ಮರದ ಬಗ್ಗೆ ಏನೇನೋ ಹೇಳಿದ್ದರಂತೆ. ಅತ್ತೆ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಮಾತಿನ ಉದ್ದಕ್ಕೂ ಅವಳು ಹೇಳಿದ್ದು ಒಂದೇ: ಯಾರೋ ಒತ್ತಾಕತ್ತಾರ. ಫೋನು ಇಟ್ಟ ಮೇಲೂ ಆ ಮಾತು ನನ್ನ ಬೆನ್ನಿಗೆ ಅಂಟಿಕೊಂಡಿತು.

ಮುಂದಿನ ರವಿವಾರ ಮೀಟರು, ಬೆಸುಗೆ ಕಡ್ಡಿ ಹಿಡಿದುಕೊಂಡು ಹೋದೆ. ಹಗಲೆಲ್ಲ ಬಿಚ್ಚಿ ನೋಡಿದೆ, ಬೋರ್ಡಿನಲ್ಲಿ ಏನೂ ಕೆಟ್ಟಿರಲಿಲ್ಲ. ಹೊತ್ತು ಇಳಿಯುವಾಗ ಯಾರ್ಡಿನ ವಾಚ್‌ಮನ್ ಮಿರ್ಚಿ ತಿನ್ನಲು ಬಂದ. ರಾರಾವಿ ಕಡೆಯ ಸಾಬರ ಮುದುಕ, ಬಿಳಿ ಗಡ್ಡದ ತುದಿ ಧೂಳಿಗೆ ಮದರಂಗಿ ಹಚ್ಚಿದಂತೆ ಕೆಂಪಾಗಿತ್ತು. ಅತ್ತೆ ಅವನನ್ನು ಅಣ್ಣಾ ಎನ್ನುತ್ತಿದ್ದಳು. ಅವನು ಬೆಂಚಿನ ತುದಿಯಲ್ಲಿ ಕೂತ. ತಟ್ಟೆ ಕೊಟ್ಟರೂ ಮುಟ್ಟಲಿಲ್ಲ.

"ಯಾಕಣ್ಣಾ, ಮೈ ನೆಟ್ಟಗಿಲ್ಲೇನು?" ಅತ್ತೆ ಕೇಳಿದಳು.

"ಮೈ ನೆಟ್ಟಗ ಐತಿ ತಂಗಿ. ನಾಳಿ ಇರತೈತೋ ಇಲ್ಲೋ." ಅವನು ತಗ್ಗಿದ ದನಿಯಲ್ಲಿ ಹೇಳಿದ: "ಆ ಮೋಟಾರ್ ಗೇಟು ದಿನಾ ಸಂಜೀಗೆ ತಾನಾ ತೆರೀತೈತಿ. ಯಾರೂ ಒತ್ತಿರಂಗಿಲ್ಲ. ನಾನs ತೆಗದು ಬ್ಯಾರೇರ ಲಾರಿ ಒಳಗ ಬಿಡ್ತೀನಿ, ಮಾಲು ಕದಿಸ್ತೀನಿ ಅಂತಾರ. ನಾಳಿ ಮಾಲಕನ ಕಡೇರು ಬರ್ತಾರಂತ. ಮ್ಯಾನೇಜರು ಅಂದ, ಖರೇ ಹೇಳಿಬಿಡು, ನಾಳಿ ಅವರು ಕೇಳೋ ಪದ್ಧತಿ ಬ್ಯಾರೆ ಇರತೈತಿ ಅಂತ."

ಕತ್ತಲಾಗುತ್ತಿತ್ತು. ಮಾತು ಕೇಳುತ್ತಲೇ ಅತ್ತೆ ಅಭ್ಯಾಸಬಲದಿಂದ ಕೊರಳಿನ ಗುಂಡಿ ಒತ್ತಿದಳು. ದೀಪ ಹತ್ತಿತು. ಅದೇ ಕ್ಷಣ ಕಂಟಿಗಳ ಆಚೆಯಿಂದ ಕಬ್ಬಿಣದ ಗಾಲಿ ಹಳಿಯ ಮೇಲೆ ಉರುಳುವ ಸದ್ದು ಕೇಳಿತು.

ಮುದುಕ ಎದ್ದು ನಿಂತ. "ನೋಡ್ರಿ, ನೋಡ್ರಿ! ನಾ ಇಲ್ಲಿ ಅದೀನಿ. ಅಲ್ಲಿ ತೆರೀತು!"

ಅತ್ತೆಯ ಕೊರಳಿನಿಂದ ದಾರ ತೆಗೆದುಕೊಂಡು ಇನ್ನೊಮ್ಮೆ ಒತ್ತಿದೆ. ದೀಪ ಆರಿತು. ಗಾಲಿ ಮತ್ತೆ ಉರುಳಿತು, ಕೊನೆಗೆ ಗೇಟು ಕಂಬಕ್ಕೆ ಬಡಿದ ಸದ್ದು. ಮುದುಕ ಆಗಲೇ ಗೇಟಿನ ಕಡೆ ಓಡಿದ್ದ. ಗೇಟು ಹಾಕಿದವನೂ ನನ್ನಂತೆಯೇ ರಿಮೋಟಿನ ನಂಬರಿನ ಕಾಲುಗಳನ್ನು ಖಾಲಿ ಬಿಟ್ಟಿದ್ದ. ಅವರ ಗುಂಡಿ ನಮ್ಮ ದೀಪ ಹತ್ತಿಸುತ್ತಿತ್ತು. ನಮ್ಮ ಗುಂಡಿ ಅವರ ಗೇಟು ತೆರೆಯುತ್ತಿತ್ತು.

ಮುದುಕ ಹೋದ ಮೇಲೆ ನಾನು ಅತ್ತೆಗೆ ಹೇಳಿದೆ, ನಂಬರು ಬದಲಿಸಲು ಅರ್ಧ ತಾಸು ಸಾಕು, ಬದಲಿಸಿಬಿಟ್ಟರೆ ಇದು ಯಾರಿಗೂ ತಿಳಿಯುವುದಿಲ್ಲ.

"ಆ ಅಣ್ಣನ ಗತಿ?"

ಆ ದಿನಗಳಲ್ಲಿ ರಸ್ತೆ ಬದಿಯಲ್ಲಿ ಹೆಣ ಸಿಕ್ಕರೆ ಲಾರಿ ಹಾಯ್ದದ್ದು ಎಂದು ಎಲ್ಲರೂ ಒಪ್ಪಿಕೊಳ್ಳುತ್ತಿದ್ದರು. ನಿಜವಾಗಿ ಲಾರಿಯೇ ಹಾಯ್ದಿತ್ತೋ ಎಂದು ಕೇಳುವವರಿರಲಿಲ್ಲ.

"ಬೆಳಿಗ್ಗೆ ಹೋಗಿ ಹೇಳೋಣ" ಎಂದಳು ಅತ್ತೆ.

ಬೆಳಿಗ್ಗೆ ದೀಪವನ್ನು ಬ್ಯಾಟರಿ ಸಮೇತ ಮರದಿಂದ ಬಿಚ್ಚಿಕೊಂಡು ಇಬ್ಬರೂ ಯಾರ್ಡಿಗೆ ಹೋದೆವು. ಒಳಗೆ ನೆಲವೆಲ್ಲ ಮೆತ್ತನೆಯ ಕೆಂಪು, ಹೆಜ್ಜೆ ಹೂತುಹೋಗುತ್ತಿತ್ತು. ತಗಡಿನ ಆಫೀಸಿನಲ್ಲಿ ಮ್ಯಾನೇಜರು ಇದ್ದ. ನನಗಿಂತ ಸ್ವಲ್ಪ ದೊಡ್ಡವನು, ಇಸ್ತ್ರಿ ಹಾಕಿದ ಬಿಳಿ ಅಂಗಿ. ಅಷ್ಟು ಧೂಳಿನಲ್ಲಿ ಆ ಅಂಗಿ ಹೇಗೆ ಅಷ್ಟು ಬೆಳ್ಳಗಿತ್ತೋ. ಮೂಲೆಯಲ್ಲಿ ವಾಚ್‌ಮನ್ ನೆಲದ ಮೇಲೆ ಕೂತಿದ್ದ. ಅವನ ಪಕ್ಕ ಇಬ್ಬರು ದಾಂಡಿಗರು ಚಹಾ ಕುಡಿಯುತ್ತಿದ್ದರು.

"ರಂಡಮ್ಮಾ, ಕೂರ್ಚೋಂಡಿ" ಎಂದು ತೆಲುಗಿನಲ್ಲಿ ಒಳಗೆ ಕರೆದು ಕೂರಲು ಹೇಳಿದ ಮ್ಯಾನೇಜರು.

ನಾನು ನಿಂತೇ ಹೇಳಿದೆ. ಅವನು ಪೂರ್ತಿ ಕೇಳಿದ. ಆಮೇಲೆ ಕೈ ಚಾಚಿ ರಿಮೋಟು ಇಸಿದುಕೊಂಡು ಕಿಟಕಿಗೆ ಬಂದು ಒತ್ತಿದ. ಮೇಜಿನ ಮೇಲಿಟ್ಟಿದ್ದ ದೀಪ ಕಣ್ಣು ಕುಕ್ಕುವಂತೆ ಹೊತ್ತಿತು. ಹೊರಗೆ ಗೇಟು ಸರಿಯಿತು. ಇನ್ನೊಮ್ಮೆ ಒತ್ತಿದ. ಮತ್ತೆ ಇನ್ನೊಮ್ಮೆ. ಆಟಿಕೆ ಸಿಕ್ಕವನಂತೆ ನಗುತ್ತಿದ್ದ. ದಾಂಡಿಗರೂ ನಕ್ಕರು. ಮುದುಕ ನಗಲಿಲ್ಲ.

"ಏಯ್, ಮನೀಗೆ ಹೋಗು" ಎಂದ ಅವನಿಗೆ. ಮುದುಕ ಗೋಡೆ ಹಿಡಿದುಕೊಂಡು ಎದ್ದ. ನಮ್ಮನ್ನು ದಾಟುವಾಗ ಅತ್ತೆಯ ಕಡೆ ಕೈ ಎತ್ತಿ ಹೋದ. ಅದೇ ಹಗಲು ರಾರಾವಿಗೆ ಹೊರಟುಹೋದನಂತೆ, ಸಂಬಳಕ್ಕೂ ಬರಲಿಲ್ಲವಂತೆ.

ಮ್ಯಾನೇಜರು ರಿಮೋಟನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದ. "ಮೇಡಂ, ಈ ದಾರ್‍ಯಾಗ ಇನ್ನೂ ಯಾರ್ಡ್ ಅದಾವ. ಅವರೂ ಇಂಥವs ಗೇಟ್ ಹಾಕ್ಸ್ಯಾರ. ಅವನ್ನೂ ಇದು ತೆಗಿತೈತೇನು?"

ಒಂದು ಯಾರ್ಡಿನ ಗುಡ್ಡೆ ಬೆಳಗಾಗುವುದರಲ್ಲಿ ಕರಗಿ ಇನ್ನೊಂದರಲ್ಲಿ ಬೆಳೆಯುವ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಅವನು ಏನು ಕೇಳುತ್ತಿದ್ದಾನೆಂದು ನನಗೆ ಅರ್ಥವಾಯಿತು.

"ಇಲ್ರಿ. ಒಂದೊಂದಕ್ಕ ಒಂದೊಂದು ನಂಬರ್ ಇರತೈತಿ."

"ಎಲ್ಲಾ ನಂಬರೂ ಒಂದೊಂದಾಗಿ ಹೇಳೋ ಅಂಥಾದ್ದು ಮಾಡಾಕ ಬರಂಗಿಲ್ಲೇನು?"

ಬರುತ್ತಿತ್ತು. ಡಿಪ್ಲೊಮಾ ಓದಿದವರಿಗೆ ಅದು ಒಂದು ವಾರದ ಕೆಲಸ. "ನನಗ ಬರಂಗಿಲ್ರಿ" ಎಂದೆ.

ಅವನು ತಲೆಯಾಡಿಸಿ ದೀಪವನ್ನು ಅತ್ತೆಯ ಕಡೆ ಸರಿಸಿದ. ರಿಮೋಟನ್ನು ಮಾತ್ರ ತನ್ನ ಜೇಬಿಗೆ ಹಾಕಿಕೊಂಡ. "ಇದು ನನ್ನ ಹತ್ರ ಇರ್ಲಿ. ಅಮ್ಮನ ದೀಪ ನಾವs ಹತ್ತಿಸ್ತೀವಿ. ನೀವು ವಿಚಾರ ಮಾಡ್ರಿ."

ಹೇಳಿದಂತೆಯೇ ಮಾಡಿದ. ಸಂಜೆ ಕತ್ತಲಾದರೂ ಕೆಲವು ದಿನ ದೀಪ ಹತ್ತುತ್ತಿರಲಿಲ್ಲ. ಕೆಲವು ದಿನ ಮಟಮಟ ಮಧ್ಯಾಹ್ನ ಹತ್ತಿ, ಆರಿ, ಹತ್ತಿ, ಆರಿ ಮಾಡುತ್ತಿತ್ತು. ಅತ್ತೆ ಫೋನಿನಲ್ಲಿ, "ಅವ ಕಣ್ಣು ಹೊಡದಂಗ ಮಾಡ್ತಾನವ್ವಾ" ಎಂದಳು. ಮರದಿಂದ ಬಿಚ್ಚಿಡು ಎಂದರೆ, ಬಿಚ್ಚಿಟ್ಟರೆ ತಿರುವು ಕತ್ತಲಾಗುತ್ತದಲ್ಲ ಎಂದಳು.

ಕಾಲೇಜಿಗೆ ರಜೆ ಹಾಕಿ ಹೋಗಿ ನಂಬರು ಬದಲಿಸಿದೆ, ಹೊಸ ರಿಮೋಟು ಕಟ್ಟಿಕೊಟ್ಟೆ. ಸ್ಟೂಲಿನ ಮೇಲೆ ನಿಂತು ಕೊನೆಯ ತಿರುಪು ಬಿಗಿಯುತ್ತಿದ್ದಾಗ ಕೆಳಗೆ ಜೀಪು ಬಂದು ನಿಂತಿತು. ಬಿಳಿ ಅಂಗಿ ಇಳಿಯಿತು. ಅವನು ಜೇಬಿನಿಂದ ಹಳೆಯ ರಿಮೋಟು ತೆಗೆದು ದೀಪದ ಕಡೆ ಹಿಡಿದು ಒತ್ತಿದ. ದೀಪ ಹತ್ತಲಿಲ್ಲ. ಆಚೆ ಗೇಟು ಮಾತ್ರ ಉರುಳಿತು.

"ನಂಬರ್ ಬದ್ಲಿ ಮಾಡಿದ್ರಿ" ಎಂದ, ಸಂತೋಷದಿಂದಲೇ. "ಅಂದ್ರ ನಿಮಗ ಬರ್ತೈತಿ."

ಜೀಪು ಹೋದ ಮೇಲೂ ನನಗೆ ಸ್ಟೂಲಿನಿಂದ ಇಳಿಯಲು ಆಗಲಿಲ್ಲ. ಅತ್ತೆ ಬಂದು ನನ್ನ ಕಾಲು ಹಿಡಿದುಕೊಂಡು, "ಇಳಿ, ನಾ ಹಿಡಕೊಂಡೀನಿ" ಎಂದಳು.

ಅನಂತರ ಆ ಜೀಪು ಪಾರ್ವತಿನಗರದಲ್ಲಿ ನಮ್ಮ ಮನೆಯ ಎದುರು ನಿಲ್ಲತೊಡಗಿತು. ಯಾರೂ ಇಳಿಯುತ್ತಿರಲಿಲ್ಲ, ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಇರುತ್ತಿತ್ತು, ನಾನು ಬಾಗಿಲು ಹಾಕಿಕೊಂಡ ಮೇಲೆ ಹೊರಡುತ್ತಿತ್ತು. ಕೆಳಗಿನ ಮನೆಯವರು ಮಕ್ಕಳನ್ನು ಹೊರಗೆ ಆಡಲು ಬಿಡುವುದನ್ನು ನಿಲ್ಲಿಸಿದರು. ಯಾರಿಗೆ ದೂರು ಕೊಡುವುದು? ರಸ್ತೆಯಲ್ಲಿ ಜೀಪು ನಿಂತಿದೆ ಎಂದು ಕೊಡುವುದೇ? ಒಂದು ಸಂಜೆ ಗಂಡ ಸಿರುಗುಪ್ಪದಿಂದ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

"ಇವತ್ತು ಗಿರಣಿಗೆ ಒಬ್ಬ ಬಂದಿದ್ದ. ಅಕ್ಕಿ ಕೇಳಲಿಲ್ಲ, ಏನೂ ಕೇಳಲಿಲ್ಲ. ನಾ ಯಾವ ಬಸ್ಸಿಗೆ ಹೋಗ್ತೀನಿ, ಯಾವ ಸ್ಟಾಪಿನ್ಯಾಗ ಹತ್ತತೀನಿ ಅಂತ ಕೇಳಿ ಹೋದ."

ಅವರ ಮುಖ ನೋಡಲಾಗಲಿಲ್ಲ. ಜೋರು ಮಾತಾಡಿದ ಮನುಷ್ಯರಲ್ಲ ಅವರು. "ಮಾಡಿ ಕೊಟ್ಟುಬಿಡು" ಎಂದರು. "ಅವರ ಮಣ್ಣು ಅವರು ಕದಕೊಳ್ಳಿ. ನಮಗೇನು?"

ನಾನು ಆ ವಾರ ಸಾಮಾನು ತಂದು ಊಟದ ಮೇಜಿನ ಮೇಲೆ ಹರವಿದೆ. ಅರ್ಧ ಬೆಸೆದೆ ಕೂಡ. ಆದರೆ ಕಡ್ಡಿ ಹಿಡಿದಾಗಲೆಲ್ಲ ಒಂದು ಯೋಚನೆ ಬರುತ್ತಿತ್ತು: ಇದನ್ನು ಕೊಟ್ಟ ಮೇಲೆ ಪ್ರತಿ ಯಾರ್ಡಿನ ಗೇಟಿನಲ್ಲೂ ಒಬ್ಬ ಮುದುಕ ಇರುತ್ತಾನೆ. ಅವನು ಗೇಟು ತಾನೇ ತೆರೆಯಿತು ಎನ್ನುತ್ತಾನೆ. ಅವನ ಮಾತನ್ನು ಯಾರೂ ನಂಬುವುದಿಲ್ಲ.

ಅಷ್ಟರಲ್ಲಿ ಅತ್ತೆ ಹೇಳದೆ ಕೇಳದೆ ಬಳ್ಳಾರಿಗೆ ಬಂದಳು, ಕೈಯಲ್ಲಿ ಮಂಡಕ್ಕಿ ಚೀಲ. ಮೇಜಿನ ಮೇಲಿದ್ದದ್ದನ್ನು ನೋಡಿ, "ಇದೇನು?" ಎಂದಳು. ಹೇಳಿದೆ. ಜೀಪಿನ ಮಾತು, ಗಿರಣಿಯ ಮಾತು, ಎಲ್ಲ. ಅವಳು ಕಿಟಕಿಯಿಂದ ಕೆಳಗೆ ನೋಡಿದಳು. ಜೀಪು ಇತ್ತು.

"ಇಂಥಾದ್ದು ಆಗತೈತಿ ಅಂತ ಅವಗ ಒಬ್ಬಗs ಗೊತ್ತೈತಿ. ಅದಕ್ಕ ಅವಗ ನೀ ಬೇಕು" ಎಂದಳು. "ಎಲ್ಲಾರಿಗೂ ಗೊತ್ತಾದ್ರ?"

"ಅಂದ್ರ?"

"ಅಂದ್ರ ಎಲ್ಲಾರೂ ಹಗ್ಗ ಸರಪಳಿ ಹಾಕ್ಕೊಳ್ತಾರ. ನಿನ್ನ ಗುಂಡಿ ಯಾರಿಗೆ ಬೇಕು?"

"ಅತ್ತಿ, ಅವ ಸುಮ್ನಿರಂಗಿಲ್ಲ."

"ಈಗ ಸುಮ್ನದಾನೇನು?"

ಮರುದಿನದಿಂದ ಅವಳು ಅದನ್ನೇ ಮಾಡಿದಳು. ತಟ್ಟೆ ಕೊಡುವಾಗ ಪ್ರತಿ ಡ್ರೈವರಿಗೂ ಹೇಳುತ್ತಿದ್ದಳು: ನಮ್ಮ ದೀಪದ ಗುಂಡಿ ಒತ್ತಿದ್ರ ಆ ಯಾರ್ಡಿನ ಗೇಟು ತೆರೀತಿತ್ತಪಾ, ನಿಮ್ಮ ಗೇಟೂ ಅಂಥಾದ್ದs ಏನೋ ನೋಡ್ಕೊಳ್ರಿ ಅಂತ ನಿಮ್ಮ ಮಾಲಕರಿಗೆ ಹೇಳ್ರಿ. ಡ್ರೈವರುಗಳಿಗಿಂತ ಬೇಗ ಸುದ್ದಿ ಒಯ್ಯುವವರು ಆ ಕಾಲದಲ್ಲಿ ಯಾರಿದ್ದರು? ಸಂಡೂರಿನ ತನಕ ಹೋಯಿತು, ಹೊಸಪೇಟೆಯ ತನಕ ಹೋಯಿತು. ಹದಿನೈದು ದಿನ ಕಳೆಯುವುದರೊಳಗೆ ಆ ದಾರಿಯ ಯಾರ್ಡುಗಳ ಗೇಟಿಗೆ ಸರಪಳಿ ಬಿದ್ದು, ಎಮ್ಮೆಯ ತಲೆಯಷ್ಟು ದೊಡ್ಡ ಬೀಗಗಳು ನೇತಾಡತೊಡಗಿದವು. ಪಾರ್ವತಿನಗರದ ಜೀಪು ಒಂದು ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಕೆಳಗಿನ ಮನೆಯ ಮಕ್ಕಳು ಮತ್ತೆ ರಸ್ತೆಗಿಳಿದರು.

ಕುರುಗೋಡಿನಲ್ಲಿ ಮ್ಯಾನೇಜರು ಅತ್ತೆಯ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು ಒಂದು ತಟ್ಟೆ ಮಿರ್ಚಿ ತಿಂದನಂತೆ. ಪೂರ್ತಿ ತಿಂದು, ಕೈ ತೊಳೆದುಕೊಂಡು, ಬೇವಿನ ಮರದ ಕಡೆ ನೋಡಿ, "ಅಮ್ಮಾ, ಅಂಗಡಿ ರೋಡಿಗೆ ಭಾಳ ಹತ್ರ ಆತು" ಎಂದನಂತೆ.

ಅತ್ತೆ ಇದನ್ನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಅದಾಗಿ ಕೆಲವೇ ದಿನಗಳಲ್ಲಿ, ಹಾಡುಹಗಲು, ಅದಿರು ತುಂಬಿದ ಲಾರಿಯೊಂದು ತಿರುವಿನಲ್ಲಿ ತಿರುಗದೆ ನೇರ ಬಂತು. ಬೇವಿನ ಮರ ಬುಡಸಮೇತ ವಾಲಿತು. ಚಪ್ಪರ, ಬೆಂಚು, ಒಲೆ, ದೀಪ, ಸೋಲಾರ್ ಹಲಗೆ ಎಲ್ಲವೂ ಮಣ್ಣಿನಡಿ ಸೇರಿದವು. ಅತ್ತೆ ಆಗ ಹಿಟ್ಟು ತರಲು ಮನೆಯೊಳಗೆ ಹೋಗಿದ್ದಳು. ಸುದ್ದಿ ಬಂದು ನಾನು ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅವಳು ಮನೆಯ ಹೊಸ್ತಿಲ ಮೇಲೆ ಕೂತಿದ್ದಳು, ತೊಡೆಯ ಮೇಲೆ ಕಡಲೆಹಿಟ್ಟಿನ ಡಬ್ಬಿ ಹಾಗೆಯೇ ಇತ್ತು. ಜನ ಸುತ್ತ ನಿಂತು ಬ್ರೇಕು ಹತ್ತಲಿಲ್ಲವಂತೆ ಎಂದು ಮಾತಾಡುತ್ತಿದ್ದರು. ಮಣ್ಣಿನ ಗುಡ್ಡೆಯಿಂದ ದೀಪದ ಪಟ್ಟಿಯ ಒಂದು ತುದಿ ಹೊರಗೆ ಚಾಚಿತ್ತು, ಅಲ್ಯೂಮಿನಿಯಂ ಹಪ್ಪಳದಂತೆ ಮಡಚಿಹೋಗಿತ್ತು.

ಲಾರಿಯ ಡ್ರೈವರು ರಸ್ತೆಯಾಚೆ ಕಲ್ಲಿನ ಮೇಲೆ ಕೂತಿದ್ದ. ತೆಕ್ಕಲಕೋಟೆ ಕಡೆಯವನಂತೆ, ಈ ದಾರಿಗೆ ಹೊಸಬ. ಹಣೆಯಿಂದ ರಕ್ತ ಇಳಿದು ಕೆಂಪು ಧೂಳಿನೊಡನೆ ಕಲೆತು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಯಾರೂ ಅವನ ಹತ್ತಿರ ಹೋಗಿರಲಿಲ್ಲ. ಅತ್ತೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಒಳಗಿನಿಂದ ಚೊಂಬಿನಲ್ಲಿ ನೀರು ತಂದಳು. ರಸ್ತೆ ದಾಟಿ ಅವನ ಮುಂದೆ ಹಿಡಿದಳು. ನಾನು ಅವಳ ಹಿಂದೆಯೇ ಇದ್ದೆ.

ಅವನು ಚೊಂಬು ಹಿಡಿಯಲಾರದೆ ಹೋದ. ಅವಳೇ ಬಾಯಿಗೆ ಹಿಡಿದಳು. ಎರಡು ಗುಟುಕು ಕುಡಿದು, ತಲೆ ಎತ್ತದೆ, ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

"ನೀವು ಎದ್ದು ಒಳಗ ಹೋಗೋತನಕ ಕಾದೀನ್ರಿ ಅಮ್ಮಾ. ಆ ಕಡಿ ಗುಡ್ಡದ ಹತ್ರ ನಿಂದ್ರಿಸಿ ನೋಡಕೋತ ಕಾದೀನಿ."

ಅತ್ತೆ ಉಳಿದ ನೀರನ್ನು ಅವನ ಹಣೆಗೆ ಸುರಿದು, ಸೆರಗಿನ ತುದಿಯಿಂದ ಒರಸಿದಳು. ಅವನು ಮಗುವಿನಂತೆ ಮುಖ ಒಡ್ಡಿ ಕೂತಿದ್ದ. ಆಮೇಲೆ ಯಾರ್ಡಿನ ಕಡೆಯಿಂದ ಬೈಕಿನಲ್ಲಿ ಇಬ್ಬರು ಬಂದು ಅವನನ್ನು ನಡುವೆ ಕೂರಿಸಿಕೊಂಡು ಹೋದರು. ಅವನು ತಿರುಗಿ ನೋಡುತ್ತಲೇ ಹೋದ.

ಆ ತಿಂಗಳೇ ಅತ್ತೆಯನ್ನು ಕರೆದುಕೊಂಡು ನಾವು ಸಿರುಗುಪ್ಪಕ್ಕೆ ಮನೆ ಬದಲಿಸಿದೆವು. ನಾನು ಕಾಲೇಜು ಬಿಟ್ಟೆ. ಅಲ್ಲಿ ಕಾಲುವೆ ನೀರು, ಭತ್ತದ ಗದ್ದೆ, ಗಿರಣಿಯ ಹೊಟ್ಟಿನ ವಾಸನೆ. ಬಟ್ಟೆಗಳು ಬೆಳ್ಳಗೆ ಒಣಗುತ್ತಿದ್ದವು. ಗಂಡ ಗಿರಣಿಗೆ ನಡೆದುಕೊಂಡು ಹೋಗುತ್ತಿದ್ದರು, ಬಸ್ ಸ್ಟಾಪಿನ ಕಡೆ ಮಾತ್ರ ಹೋಗುತ್ತಿರಲಿಲ್ಲ. ನಾನು ಬಹಳ ದಿನ, ಯಾವುದೇ ಜೀಪು ಮನೆಯ ಮುಂದೆ ನಿಧಾನವಾದರೆ ಒಳಗಿನ ಕೋಣೆಗೆ ಹೋಗಿ ನಿಲ್ಲುತ್ತಿದ್ದೆ. ವರ್ಷಗಳ ಮೇಲೆ ಗಣಿಗಳು ನಿಂತು, ಲಾರಿಗಳು ಸಾಲುಸಾಲಾಗಿ ತುಕ್ಕು ಹಿಡಿದು ನಿಂತಾಗ, ಆ ಯಾರ್ಡಿನವರು ಎತ್ತ ಹೋದರೋ ನನಗೆ ತಿಳಿಯಲಿಲ್ಲ, ತಿಳಿದುಕೊಳ್ಳುವ ಧೈರ್ಯವನ್ನೂ ಮಾಡಲಿಲ್ಲ.

ಒಮ್ಮೆ, ಗಿರಣಿಯ ಹಮಾಲರಿಗೆ ವಗ್ಗಾಣಿ ಕಲಸುತ್ತ ಕೂತಿದ್ದ ಅತ್ತೆಯನ್ನು ಕೇಳಿದೆ, ಅವತ್ತು ನಾವು ಪೊಲೀಸರ ಹತ್ತಿರ ಹೋಗಬೇಕಿತ್ತಲ್ಲವೇ ಎಂದು. ಅವಳು ಮಂಡಕ್ಕಿಯಿಂದ ಕೈ ತೆಗೆಯಲಿಲ್ಲ.

"ಹೋಗಿ ಯಾರ ಹೆಸರು ಹೇಳ್ತಿದ್ದಿ?" ಎಂದಳು. "ನಮಗ ಕಂಡಾವ ಆ ಡ್ರೈವರ್ ಒಬ್ಬನs. ಕಾದು ನಿಂತಾವ."